ಸೊನ್ನೆ ಮೊಳೆ

“ಎರಡು ಮೀಟರು, ಎರಡು!” ಎಂದು ಗುಂಡಿಯ ತಳದಿಂದ ಮೇಸ್ತ್ರಿ ಕೂಗಿದ.

ಮೇಲೆ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಗೆರೆಗಾರನ ಪೆನ್ಸಿಲು ಕಾಗದದ ಮೇಲೆ ನಿಂತೇ ಬಿಟ್ಟಿತು. “ಸರಿಯಾಗಿ ನೋಡಪ್ಪಾ. ಟೇಪು ಇಟ್ಟಿಗೆ ಮೇಲೆ ಕೂತಿದೆಯೋ, ನಿನ್ನ ಕಾಲ ಮೇಲೋ?”

“ನನ್ನ ಕಾಲು ನಂಗೆ ಗೊತ್ತಿಲ್ವಾ? ಎರಡು ಮೀಟರು, ಎರಡು ಸೆಂಟಿಮೀಟರು. ಹೋದ ವಾರ ಐದಿತ್ತು, ಅದರ ಹಿಂದೆ ಎಂಟು. ಹೀಗೇ ಬಿಟ್ರೆ ಈ ನೆಲ ತಾನಾಗಿ ಎದ್ದು ಮೇಲೆ ಬರುತ್ತೆ. ನಾವು ಅಗೆಯೋದೇ ಬೇಡ, ಕುರ್ಚಿ ಹಾಕ್ಕೊಂಡು ಕಾಯ್ತಾ ಕೂರೋಣ.”

ಗುಂಡಿಯಲ್ಲಿದ್ದವರೆಲ್ಲ ನಕ್ಕರು. ಗೆರೆಗಾರನೂ ನಕ್ಕ. ನಗುತ್ತಲೇ ಪುಸ್ತಕದಲ್ಲಿ ‘ಎರಡು ಮೀಟರು ಹದಿನಾಲ್ಕು’ ಎಂದು ಬರೆದುಕೊಂಡ.

ಹೀಗೆ ಒಂದನ್ನು ಕೇಳಿ ಇನ್ನೊಂದನ್ನು ಬರೆಯಲು ಶುರುಮಾಡಿ ಇಪ್ಪತ್ತಮೂರು ದಿನವಾಗಿತ್ತು.

ಅವನಿಗೂ ಒಂದು ಹೆಸರಿತ್ತು, ಆದರೆ ಹಾಜರಿ ಪುಸ್ತಕದ ಹೊರಗೆ ಯಾರೂ ಅದನ್ನು ಬಳಸಿದ್ದಿಲ್ಲ. ಉತ್ಖನನದ ಗುಂಡಿಗಳ ಗೋಡೆ ನೋಡಿ, ಮಣ್ಣಿನ ಪದರಗಳನ್ನು ಇದ್ದದ್ದು ಇದ್ದ ಹಾಗೆ ಕಾಗದಕ್ಕಿಳಿಸುವುದು ಮೂವತ್ತೊಂದು ವರ್ಷದಿಂದ ಅವನ ಕೆಲಸ. ಅಗೆಯುವವರು ಅಗೆಯುತ್ತಾರೆ, ತೊಳೆಯುವವರು ತೊಳೆಯುತ್ತಾರೆ, ಮೇಡಂ ಬರೆಯುತ್ತಾರೆ. ಆದರೆ ಅಗೆದ ಮಣ್ಣು ಮತ್ತೆ ಬಂದು ತನ್ನ ಜಾಗದಲ್ಲಿ ಕೂರುವುದಿಲ್ಲವಲ್ಲ, ಕೊನೆಗೆ ಉಳಿಯುವುದು ಅವನು ಎಳೆದ ಗೆರೆ ಮಾತ್ರ. ಈ ವಿಷಯ ಅವನಿಗೆ ಗೊತ್ತಿತ್ತು; ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಗೊತ್ತಿತ್ತು. ಐವತ್ತಾರರ ವಯಸ್ಸಿಗೆ ಕನ್ನಡಕ ದಪ್ಪವಾಗಿ, ಬೆರಳು ಒಂದಿಷ್ಟು ನಡುಗತೊಡಗಿದ್ದರೂ ‘ಗೆರೆಗಾರ ಎಳೆದ ಮೇಲೆ ಮುಗೀತು’ ಎಂಬ ಮಾತು ಇನ್ನೂ ಚಾಲ್ತಿಯಲ್ಲಿತ್ತು.

ಅಳತೆಯೆಲ್ಲ ಶುರುವಾಗುವುದು ಒಂದು ಮೊಳೆಯಿಂದ. ಮೂರು ವರ್ಷದ ಹಿಂದೆ, ಅಗೆತದ ಮೊದಲ ದಿನ, ಗುಂಡಿಗೂ ನದಿಗೂ ನಡುವೆ ಇದ್ದ ಏಕೈಕ ಗಟ್ಟಿ ಕಟ್ಟಡದ ಗೋಡೆಗೆ ಅವನೇ ಅದನ್ನು ಹೊಡೆದಿದ್ದ. ಅದು ಸೊನ್ನೆ. ಅದಕ್ಕೆ ನೂಲು ಕಟ್ಟಿ, ಗುಂಡಿಯ ಮೇಲೆ ಮಟ್ಟವಾಗಿ ಎಳೆದು, ನೂಲಿನಿಂದ ಕೆಳಕ್ಕೆ ಟೇಪು ಬಿಟ್ಟರೆ ಯಾವ ವಸ್ತು ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಮೊಳೆ ಕದಲಿದರೆ ಮೂರು ವರ್ಷದ ಅಳತೆಯೆಲ್ಲ ನೀರುಪಾಲು. ಆದ್ದರಿಂದ ಅದರ ಸುತ್ತ ಕೆಂಪು ಬಣ್ಣದ ವೃತ್ತ ಬರೆದು, ಯಾರೂ ಅದಕ್ಕೆ ಚೀಲ ಗೀಲ ನೇತುಹಾಕದಂತೆ ಕಾವಲು ಕಾಯುತ್ತಿದ್ದ.

ಆ ಕಟ್ಟಡದಲ್ಲಿ ಈಗ ಅವನ ಅಕ್ಕನ ಹೊಲಿಗೆ ಕಾರ್ಖಾನೆ ಇತ್ತು. ಭಾವ ತೀರಿಕೊಂಡ ವರ್ಷ ಅಕ್ಕ ಜಾಗ ಹುಡುಕುತ್ತಿದ್ದಾಗ ಇದನ್ನು ತೋರಿಸಿದವನು ಅವನೇ. “ನಾನು ಸೊನ್ನೆ ಇಟ್ಟಿರೋ ಗೋಡೆ ಅಕ್ಕಾ, ಕಣ್ಣು ಮುಚ್ಚಿಕೊಂಡು ತಗೋ” ಎಂದಿದ್ದ. ಅಕ್ಕ ಕೈಯಲ್ಲಿದ್ದದ್ದನ್ನೆಲ್ಲ ಸುರಿದು ತೆಗೆದುಕೊಂಡಳು. ಕೆಳಗೆ ಹನ್ನೊಂದು ಹೊಲಿಗೆ ಯಂತ್ರ, ಹತ್ತು ಹೆಣ್ಣುಮಕ್ಕಳು. ಮೇಲೆ ಅವಳ ಒಂದು ಕೋಣೆ, ಒಂದು ಒಲೆ. ಅವನು ದಿನಾ ಬೆಳಗ್ಗೆ ಬಂದು ಮೊಳೆ ಮುಟ್ಟಿ ನೋಡುವುದನ್ನು ಕಂಡು, “ನನ್ನ ಆರೋಗ್ಯ ಒಂದು ದಿನ ವಿಚಾರಿಸಲಿಲ್ಲ, ಮೊಳೆದು ಮಾತ್ರ ತಪ್ಪಿಸಲ್ಲ ನೀನು” ಎಂದು ರೇಗಿಸುತ್ತಿದ್ದಳು.

ಹೋದ ವರ್ಷ ಗುಂಡಿಯ ಇಟ್ಟಿಗೆ ನೆಲ ಮೊಳೆಯಿಂದ ಎರಡು ಮೀಟರು ಹದಿನಾಲ್ಕು ಸೆಂಟಿಮೀಟರು ಕೆಳಗಿತ್ತು. ಈ ವರ್ಷ ಮೊದಲ ಅಳತೆಗೇ ಎರಡು ಮೀಟರು ಎಂಟು ಬಂದಿತ್ತು. ಸಾವಿರದ ನೂರು ವರ್ಷದಿಂದ ಬಿದ್ದಿರುವ ನೆಲ ಒಂದು ಬೇಸಿಗೆಯಲ್ಲಿ ಮೇಲೇಳುವುದುಂಟೇ? ಹೊಸ ನೂಲು, ನಡುವೆ ಜೋಲು ಬಿದ್ದಿರಬೇಕು. ನೂಲು ಜೋತರೆ ಆಳ ಕಡಿಮೆ ಬರುವುದು ಸಹಜ. ಅದನ್ನು ಬಾಯಿಬಿಟ್ಟು ಹೇಳಿದರೆ ‘ಗೆರೆಗಾರನಿಗೆ ನೂಲು ಎಳೆಯೋಕೂ ಬರ್ತಿಲ್ಲ, ವಯಸ್ಸಾಯ್ತು’ ಎನ್ನುತ್ತಾರೆ. ಹೇಳದೆ ಆರು ಸೇರಿಸಿ ಬರೆದ. ಆಮೇಲೆ ಒಂಬತ್ತು. ಇವತ್ತು ಹನ್ನೆರಡು.

“ಇಲ್ಲಿ ಬನ್ನಿ, ನೋಡಿ!” ಎಂದು ನದಿಯ ಕಡೆಯ ತುದಿಯಿಂದ ಮೇಡಂ ಕರೆದರು. ಅಗೆತದ ಮುಖ್ಯಸ್ಥೆ ಅವರು. ಮಂಡಿಯವರೆಗೆ ಮಣ್ಣಾಗಿದ್ದರೂ ಮುಖ ಮದುಮಗಳ ಹಾಗೆ ಅರಳಿತ್ತು.

ಗುಂಡಿಯಲ್ಲಿ ಬಯಲಾಗಿದ್ದದ್ದು ಹಳೆಯ ಕಾಲದ ಒಂದು ಉಗ್ರಾಣ. ಕಡಲ ಕಡೆಯಿಂದ ದೋಣಿಗಳು ನದಿ ಹಿಡಿದು ಇಷ್ಟು ದೂರ ಬರುತ್ತಿದ್ದವು ಎಂಬುದು ಮೇಡಂ ಅವರ ವಾದ. ಅದಕ್ಕೆ ಸಾಕ್ಷಿ ಆ ತುದಿಯ ಕೋಣೆಯಲ್ಲಿ ರಾಶಿಬಿದ್ದಿತ್ತು: ತಿಂಗಳ ದಾರಿಯ ಬೆಟ್ಟದಿಂದ ಬಂದ ಕೆಂಪು ಕಲ್ಲಿನ ಮಣಿಗಳು, ಕಡಲಾಚೆಯ ನೀಲಿ ಮೆರುಗಿನ ಮಡಕೆ ಚೂರುಗಳು, ಗೋಡೆಗೊರಗಿ ನಿಂತ ಮೂರು ದೊಡ್ಡ ಹಂಡೆಗಳು. ಈಗ ತಾನೇ ಮಣ್ಣು ಕೊಡವಿದ್ದ ಒಂದು ಕಂಚಿನ ತಕ್ಕಡಿ ತಟ್ಟೆ, ಪಕ್ಕದಲ್ಲಿ ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸಿಟ್ಟ ಆರು ತೂಕದ ಗುಂಡುಗಳು. ಇಟ್ಟವನು ಕೈ ತೊಳೆದು ಬರಲು ಎದ್ದು ಹೋಗಿದ್ದಾನೆ, ಅಷ್ಟೇ.

“ಹಿಂದಿನ ನಾಲ್ಕು ಕೋಣೆ ಪೂರ್ತಿ ಖಾಲಿ. ಗುಡಿಸಿಟ್ಟ ಹಾಗಿದೆ, ಒಂದು ಮಣಿ ಇಲ್ಲ. ಇದರಲ್ಲಿ ಮಾತ್ರ ಎಲ್ಲಾ ಇಟ್ಟದ್ದು ಇಟ್ಟ ಹಾಗೇ ಇದೆ. ಎಂಥ ಅದೃಷ್ಟ ರೀ ನಮ್ಮದು!” ಎಂದರು ಮೇಡಂ.

“ಅಲ್ಲಿ ಗುಡಿಸಿದೋರು ಇದನ್ನ ಯಾಕೆ ಬಿಟ್ಟು ಹೋದರು, ಮೇಡಂ?”

“ಅವರು ಬಿಟ್ಟಿದ್ದಕ್ಕೆ ತಾನೇ ನಮಗೆ ಸಿಕ್ಕಿದ್ದು? ಇನ್ನೊಂದು ಗಮನಿಸಿದ್ರಾ? ಈ ಕೋಣೆ ಬೇರೆಯದಕ್ಕಿಂತ ಮೂರಡಿ ತಗ್ಗು. ಬೇಕಂತಲೇ ತಗ್ಗಿಸಿ ಕಟ್ಟಿದ್ದಾರೆ, ದೋಣಿ ನೇರವಾಗಿ ಬಾಗಿಲಿಗೆ ಬರಲಿ ಅಂತ. ನನ್ನ ಪ್ರಬಂಧ ನಿಂತಿರೋದೇ ಇದರ ಮೇಲೆ. ಆ ಕಂಬ ನೋಡಿ, ಏಳು ಗೆರೆ. ಏಳು ದೋಣಿ ಬಂದ ಲೆಕ್ಕ ಇರಬೇಕು.”

ಗೆರೆಗಾರ ಕಂಬದ ಹತ್ತಿರ ಕೂತ. ಎದೆಯೆತ್ತರದ ಕಲ್ಲುಕಂಬ, ಅದರ ಮೇಲೆ ಒಂದರ ಮೇಲೊಂದು ಏಳು ಗೆರೆ. ದೋಣಿ ಎಣಿಸುವವನು ಇಷ್ಟು ನೇರವಾಗಿ ಕೊರೆಯುವುದಿಲ್ಲ, ಗೀಚಿ ಹೋಗುತ್ತಾನೆ. ಇದು ಅಳತೆ ಹಿಡಿದು, ಉಸಿರು ಬಿಗಿಹಿಡಿದು ಎಳೆದ ಗೆರೆ. ಒಬ್ಬ ಗೆರೆಗಾರನ ಕೈ ಇನ್ನೊಬ್ಬನಿಗೆ ಗೊತ್ತಾಗದೇ ಇರುತ್ತದೆಯೇ? ಆದರೆ ನಡುವಿನ ಅಂತರ ಮಾತ್ರ ಸಮವಾಗಿರಲಿಲ್ಲ. ಕೆಳಗಿನ ಎರಡರ ನಡುವೆ ಒಂದು ಬೆರಳು, ಆಮೇಲೆ ಎರಡು ಬೆರಳು, ಮೇಲಿನ ಎರಡರ ನಡುವೆ ಒಂದು ಗೇಣು. ಗುಡಿಸಿದ ಕೋಣೆಗಳ ಕಡೆ ಇದರ ಜೋಡಿ ಕಂಬವಿತ್ತು. ಅದರ ಮೇಲೆ ಒಂದೇ ಒಂದು ಗೆರೆ.

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದಾಗ ಅವನು ಗಾರೆಯವರ ನೀರಿನ ಕೊಳವೆ ಎತ್ತಿಕೊಂಡ. ಪಾರದರ್ಶಕ ಕೊಳವೆಗೆ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ; ಅದಕ್ಕೆ ಯಾರ ಮುಲಾಜೂ ಇಲ್ಲ. ನೂಲು ಎಷ್ಟು ಜೋತಿದೆ ಎಂದು ಕದ್ದು ನೋಡಿಬಿಡುವುದು ಅವನ ಉದ್ದೇಶ. ಮೇಸ್ತ್ರಿ ಬಾಯಲ್ಲಿ ತುತ್ತಿಟ್ಟುಕೊಂಡೇ ಇನ್ನೊಂದು ತುದಿ ಹಿಡಿದ.

ನೂಲು ಕೂದಲೆಳೆಯಷ್ಟೂ ಜೋತಿರಲಿಲ್ಲ.

“ಹಾಗಾದ್ರೆ ನೆಲಾನೇ ಏಳ್ತಿದೆ, ನಾನು ಹೇಳಲಿಲ್ವಾ?” ಎಂದು ಮೇಸ್ತ್ರಿ ನಕ್ಕ. ಗೆರೆಗಾರ ನಗಲಿಲ್ಲ. “ಬಾ” ಎಂದು ಕೊಳವೆ ಎಳೆದುಕೊಂಡು ಕಂಬಗಳ ಹತ್ತಿರ ಹೋದ. ಒಂದು ತುದಿಯ ನೀರನ್ನು ಹಿಂದಿನ ಕಂಬದ ಒಂಟಿ ಗೆರೆಗೆ ಸರಿಹೊಂದಿಸಿ, ಇನ್ನೊಂದನ್ನು ತಗ್ಗಿನ ಕಂಬಕ್ಕೆ ಹಿಡಿದು ನೋಡಿದ. ನೀರು ಏಳೂ ಗೆರೆಗಳನ್ನು ದಾಟಿ, ಎಲ್ಲಕ್ಕಿಂತ ಮೇಲಿನದಕ್ಕೂ ಎರಡು ಗೇಣು ಮೇಲೆ ಹೋಗಿ ನಿಂತಿತು.

ಯಾರೋ ಒಬ್ಬ ಆ ಕಂಬದಿಂದ ಈ ಕಂಬಕ್ಕೆ ಮಟ್ಟ ಹಿಡಿದು ಗೆರೆ ಎಳೆದಿದ್ದ. ಈ ಕಂಬ ಕೆಳಗಿಳಿಯಿತು. ಮತ್ತೆ ಹಿಡಿದ, ಗೆರೆ ಮೇಲೆ ಬಂತು. ಏಳು ಸಲ ಹಿಡಿದ, ಏಳು ಸಲ ಇಳಿಯಿತು. ಕೋಣೆಯನ್ನು ಯಾರೂ ತಗ್ಗಿಸಿ ಕಟ್ಟಿರಲಿಲ್ಲ. ಕೊನೆಯ ಗೆರೆಯಿಂದಾಚೆ ಎರಡು ಗೇಣು ಇಳಿದದ್ದು ಒಂದೇ ಸಲಕ್ಕೋ, ನಿಧಾನಕ್ಕೋ, ಯಾರು ಕಂಡವರು? ಗೆರೆ ಎಳೆಯಲು ಆಮೇಲೆ ಅಲ್ಲಿ ಯಾರೂ ಇರಲಿಲ್ಲ.

“ಏನ್ರೀ, ಮುಖ ಹೀಗಾಯ್ತು?” ಎಂದ ಮೇಸ್ತ್ರಿ.

ಅಳತೆಯವರು ಸೊನ್ನೆ ಮೊಳೆಗೆ ಒಂದು ಜೋಡಿ ಗುರುತು ಇಟ್ಟಿರುತ್ತಾರೆ, ನಂಬಿಕೆ ಒಂದರ ಮೇಲೇ ಬೇಡ ಎಂದು. ಇವನೂ ಇಟ್ಟಿದ್ದ: ನದಿಯಿಂದ ದೂರ, ಬಂಡೆಯ ಮೇಲೆ ಕಟ್ಟಿದ ಪಂಪ್‌ಹೌಸಿನ ಮೆಟ್ಟಿಲ ಮೇಲೆ. ವರ್ಷಕ್ಕೊಮ್ಮೆಯಾದರೂ ಎರಡನ್ನೂ ಹೋಲಿಸಿ ನೋಡಬೇಕು. ಮೂರು ವರ್ಷದಲ್ಲಿ ಅವನು ಒಮ್ಮೆಯೂ ನೋಡಿರಲಿಲ್ಲ. ತಾನೇ ಹೊಡೆದ ಮೊಳೆಯನ್ನು ತಾನೇ ಅನುಮಾನಿಸುವುದೆಂದರೆ ಅವನಿಗೆ ಅದೇನೋ ಅವಮಾನ. ಈಗ ಕೊಳವೆಯನ್ನು ಮೂರು ಹಂತದಲ್ಲಿ ದಾಟಿಸಿಕೊಂಡು ಮೆಟ್ಟಿಲಿನವರೆಗೆ ಹೋದ. ಮೊಳೆ ಹನ್ನೆರಡು ಸೆಂಟಿಮೀಟರು ಇಳಿದಿತ್ತು. ಗೋಡೆಯ ಸಮೇತ, ಅಕ್ಕನ ಸಮೇತ ಇಳಿದಿತ್ತು. ಅವನು ಇಪ್ಪತ್ತಮೂರು ದಿನ ಅದನ್ನು ಕಿವಿಯಾರೆ ಕೇಳಿ, ಕೈಯಾರೆ ಅಳಿಸಿದ್ದ.

ಹೋದ ಬೇಸಿಗೆಯಲ್ಲಿ ಸರಕಿನ ದೊಡ್ಡ ದೋಣಿಗಳು ಬರಲೆಂದು ನದಿಯ ತಳ ಕೆರೆದು ಆಳ ಮಾಡಿದ್ದು ಆಗ ನೆನಪಾಯಿತು. ದಡದ ಅಡಿಯ ಮಣ್ಣು ಜಾರತೊಡಗಿದ್ದು ಆಗಿನಿಂದಲೇ ಇರಬೇಕು. ದಡದಲ್ಲಿ ನಿಂತು ಆ ಯಂತ್ರಗಳನ್ನು ಅವನೂ ಅಕ್ಕನೂ ಕಡಲೆಕಾಯಿ ತಿನ್ನುತ್ತಾ ನೋಡಿದ್ದರು.

ಮೇಡಂ ಗುಡಾರದಲ್ಲಿ ತೂಕದ ಗುಂಡುಗಳ ಚಿತ್ರ ತೆಗೆಯುತ್ತಿದ್ದರು. ಗೆರೆಗಾರ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಹೇಳುವಾಗ ತನ್ನ ಧ್ವನಿ ತನಗೇ ಬೇರೆಯವರದು ಅನ್ನಿಸಿತು.

ಮೇಡಂ ಕ್ಯಾಮೆರಾ ಕೆಳಗಿಟ್ಟರು. “ಅಂದ್ರೆ ಈ ವರ್ಷದ ಒಂದು ಅಳತೆಯೂ ನಿಜ ಅಲ್ಲ?”

“ನಾನು ಬರೆದದ್ದು ಯಾವುದೂ ನಿಜ ಅಲ್ಲ, ಮೇಡಂ.”

“ಮೂವತ್ತು ವರ್ಷ ನಿಮ್ಮ ಗೆರೆ ನಂಬಿಕೊಂಡು ಸಹಿ ಹಾಕಿದ್ದೀನಿ ನಾನು. ಕಣ್ಣು ಕಾಣ್ತಿಲ್ಲ ಅಂದಿದ್ರೆ ಯಾರು ನಿಮ್ಮನ್ನ ಬೈತಿದ್ರು?”

“ಕಣ್ಣು ಸರಿಯಾಗೇ ಇದೆ. ಕಂಡದ್ದನ್ನ ನಾನು ನಂಬಲಿಲ್ಲ, ಅದೇ ತಪ್ಪಾಗಿದ್ದು.”

ಮೇಡಂ ಕಂಬದ ಕಡೆ ನೋಡಿದರು, ತಗ್ಗಿನ ಕೋಣೆಯ ಕಡೆ ನೋಡಿದರು. ಅವರ ಪ್ರಬಂಧವೂ ಆ ಕಂಬದ ಜೊತೆ ಇಳಿಯುತ್ತಿರುವುದು ಅವರಿಗೆ ಕಾಣಿಸಿರಬೇಕು. “ಎಂಜಿನಿಯರ್ ಕಚೇರಿಗೆ ಕಾಗದ ಬರೀತೀನಿ. ಗುರುವಾರ ಬಂದು ನೋಡ್ತಾರೆ. ಅಲ್ಲಿವರೆಗೆ ಯಾರಿಗೂ ಹೇಳಬೇಡಿ, ಸುಮ್ಮನೆ ಗಾಬರಿ.”

ಅವತ್ತು ಶುಕ್ರವಾರ. ಗೆರೆಗಾರ ತಲೆಯಾಡಿಸಿ ಹೊರಬಂದು, ನೇರವಾಗಿ ಅಕ್ಕನ ಮನೆಗೆ ನಡೆದ.

ಹನ್ನೊಂದು ಯಂತ್ರಗಳ ಸದ್ದಿನಲ್ಲಿ ಅವನು ಹೇಳಿದ್ದು ಅಕ್ಕನಿಗೆ ಕೇಳಿಸಲಿಲ್ಲ. ಕೈಸನ್ನೆ ಮಾಡಿ ಸದ್ದು ನಿಲ್ಲಿಸಿ, ಎರಡನೇ ಸಲ ಹೇಳಿಸಿಕೊಂಡಳು. ಹೇಳಿಸಿಕೊಂಡು ನಕ್ಕಳು.

“ನಿನ್ನ ಮೊಳೆಗೆ ನೆಗಡಿಯಾದ್ರೆ ನಾನು ಮನೆ ಖಾಲಿ ಮಾಡಬೇಕೇನೋ ಪುಟ್ಟಾ? ಸೋಮವಾರ ಆಸ್ಪತ್ರೆಗೆ ಮುನ್ನೂರು ಅಂಗಿ ಕೊಡಬೇಕು. ಅದು ಮುಗೀಲಿ, ಮಂಗಳವಾರ ನೀನು ಹೇಳಿದ ಕಡೆ ಬರ್ತೀನಿ.”

“ಇವತ್ತೇ ಅಕ್ಕಾ. ಈಗಲೇ.”

“ತಲೆ ಕೆಟ್ಟಿದೆಯಾ? ಎಲ್ಲಿ ಬಿದ್ದಿದೆ ಬಿರುಕು, ತೋರಿಸು. ಒಂದು ಗೋಡೆ ತೋರಿಸು ನೋಡೋಣ.”

ಬಿರುಕು ಎಲ್ಲೂ ಇರಲಿಲ್ಲ. ಕಟ್ಟಡ ನಿಜಕ್ಕೂ ಗಟ್ಟಿಯಾಗಿತ್ತು. ಇಳಿಯುವಾಗಲೂ ಒಡೆಯದೆ, ಇಡಿಯಾಗಿ ಇಳಿಯುತ್ತಿತ್ತು. ಏನು ತೋರಿಸುವುದೆಂದು ತಿಳಿಯದೆ ಅವನು ತಲೆ ತಗ್ಗಿಸಿದ. ಆಗ ಕಂಡವು ಯಂತ್ರಗಳ ಕಾಲು. ಒಂದೊಂದು ಯಂತ್ರಕ್ಕೂ ನದಿಯ ಕಡೆಯ ಎರಡು ಕಾಲಿನ ಕೆಳಗೆ ಮಡಿಸಿದ ಬಟ್ಟೆ ಇಟ್ಟಿತ್ತು. ಅವನು ಮಂಡಿಯೂರಿ ಎಣಿಸಿದ. ಕೆಳಗಿನದು ಹಳೆಯ ಬಿಳಿ ಬಟ್ಟೆ, ಅದರ ಮೇಲೆ ಕಂದು, ಅದರ ಮೇಲೆ ಪಟ್ಟೆಯದು, ಎಲ್ಲಕ್ಕಿಂತ ಮೇಲೆ ಆಸ್ಪತ್ರೆಯ ಹೊಸ ಹಸಿರು ತುಂಡು.

“ಇದು ಯಾವಾಗಿಂದ?”

“ಅದಾ? ನೂಲಿನ ಉಂಡೆ ಮೇಜಿಂದ ಉರುಳಿ ಬೀಳ್ತಿತ್ತು. ಅದಕ್ಕೆ ಒಂದು ಮಡಿಕೆ ಕೊಟ್ಟೆ. ಆಮೇಲೆ ಇನ್ನೊಂದು. ನೆಲ ಹಾಕಿದೋರು ಸರಿಯಾಗಿ ಹಾಕಿಲ್ಲ ಬಿಡು.” ಅಕ್ಕನ ಧ್ವನಿ ಸ್ವಲ್ಪ ಇಳಿಯಿತು. “ಬಾಗಿಲೂ ಎರಡು ಸಲ ಕೆರೆಸಿದೆ. ಮರ ಉಬ್ಬುತ್ತೆ ಅಂದ ಬಡಗಿ.”

“ನಂಗೆ ಯಾಕೆ ಹೇಳಲಿಲ್ಲ?”

“ನೀನು ಹುಡುಕಿಕೊಟ್ಟ ಮನೆ. ಸರಿಯಿಲ್ಲ ಅಂದ್ರೆ ನೊಂದ್ಕೋತೀಯ ಅಂತ.” ಅವಳು ಮುಖ ತಿರುಗಿಸಿ, ಎದುರಿಗಿದ್ದ ಅಂಗಿಯ ದಾರ ಕಿತ್ತಳು. “ಸೋಮವಾರ ಕಳೀಲಿ. ಹೋಗು, ಕೆಲಸ ಇದೆ.”

ಯಂತ್ರಗಳು ಮತ್ತೆ ಶುರುವಾದವು. ಒಡಹುಟ್ಟಿದವರಿಬ್ಬರೂ ಒಂದೇ ಬುದ್ಧಿಯವರು ಎಂದು ಗೆರೆಗಾರನಿಗೆ ಅನ್ನಿಸಿತು. ಹೊರಗೆ ಬಂದು ಗೋಡೆಯ ಎದುರು ನಿಂತ. ಕೆಂಪು ವೃತ್ತದ ನಡುವೆ ಮೊಳೆ, ಅದರಿಂದ ಹೊರಟ ನೂಲು ಬಿಸಿಲಿನಲ್ಲಿ ಗುಂಡಿಯವರೆಗೆ ನೆಟ್ಟಗೆ ಹೋಗಿತ್ತು. ಚೀಲದಿಂದ ಇಕ್ಕಳ ತೆಗೆದ. ಮೊಳೆ ಮೊದಲು ಬರಲೊಲ್ಲದು. ಬಲವಾಗಿ ಹೊಡೆದಿದ್ದ, ಸೊಕ್ಕಿನಿಂದ ಹೊಡೆದಿದ್ದ. ಗೋಡೆಗೆ ಕಾಲು ಕೊಟ್ಟು ಎಳೆದ.

ನೂಲು ಸುರುಳಿಯಾಗಿ ಗುಂಡಿಗೆ ಬಿತ್ತು. “ಅಯ್ಯೋ! ಅಯ್ಯೋ, ಏನು ಮಾಡಿದ್ರಿ!” ಎಂದು ಕೆಳಗಿಂದ ಮೇಸ್ತ್ರಿ ಬೊಬ್ಬೆ ಹಾಕಿದ.

ಬೊಬ್ಬೆ ಕೇಳಿ ಅಕ್ಕ ಬಾಗಿಲಿಗೆ ಬಂದಳು. ಖಾಲಿ ವೃತ್ತ ನೋಡಿದಳು. ತಮ್ಮನ ಅಂಗೈಯಲ್ಲಿ ತುಕ್ಕು ಹಿಡಿದ ಮೊಳೆ ನೋಡಿದಳು. ಹಿಂದೊಮ್ಮೆ ಅದರ ಮೇಲೆ ಅವಳು ಒದ್ದೆ ಬಟ್ಟೆ ಹರವಿದ್ದಕ್ಕೆ ಅವನು ಒಂದು ವಾರ ಮಾತು ಬಿಟ್ಟಿದ್ದ.

“ಕಿತ್ತೇ ಬಿಟ್ಟೆಯಾ?” ಎಂದಳು, ಬಹಳ ಮೆಲ್ಲಗೆ.

“ಹೂಂ.”

ಅಕ್ಕ ಒಳಕ್ಕೆ ತಿರುಗಿ, ಯಂತ್ರಗಳ ಸದ್ದನ್ನೆಲ್ಲ ಮೀರಿಸಿ ಕೂಗಿದಳು: “ನಿಲ್ಸಿ ಎಲ್ಲಾ! ಹೊಲಿದದ್ದು ಮೂಟೆ ಕಟ್ಟಿ. ಯಂತ್ರಗಳು ರಸ್ತೆಗೆ ಹೋಗಲಿ.”

ಅರ್ಧ ಗಂಟೆಯಲ್ಲಿ ಗುಂಡಿಯವರೂ ಬಂದು ಕೈಹಾಕಿದರು. ಮೇಡಂ ಬಂದದ್ದು ಕೊನೆಗೆ. ಗೋಡೆಯ ತೂತನ್ನು ಬೆರಳಿಟ್ಟು ನೋಡಿದರು. ಗೆರೆಗಾರ ಬೈಗುಳಕ್ಕೆ ಸಿದ್ಧನಾಗಿ ನಿಂತ. ಅವರು ಬಂದು, ಅವನು ಒಬ್ಬನೇ ತಿಣುಕುತ್ತಿದ್ದ ಯಂತ್ರದ ಇನ್ನೊಂದು ತುದಿಯನ್ನು ಎತ್ತಿದರು.

ಸಂಜೆಯ ಹೊತ್ತಿಗೆ ಪಂಪ್‌ಹೌಸಿನ ಪಕ್ಕ ಹತ್ತು ಯಂತ್ರ, ಮೂಟೆಗಳು, ಅಕ್ಕನ ಹಾಸಿಗೆ, ಒಲೆ ಎಲ್ಲಾ ಬಂದು ನಿಂತವು. ಹನ್ನೊಂದನೆಯದು ಅಂಗಿಗೆ ಗುಂಡಿ ಹಾಕುವ ಯಂತ್ರ, ನದಿಯ ಕಡೆಯ ಕೊನೆಯ ಕೋಣೆಯಲ್ಲಿ ನೆಲಕ್ಕೆ ಬಿಗಿದದ್ದು. ಬಟ್ಟೆ ಕತ್ತರಿಸುವ ದೊಡ್ಡ ಮೇಜೂ ಅಲ್ಲೇ ಇತ್ತು. ಅದರ ಮೇಲೆ ಅಕ್ಕನ ಕತ್ತರಿಗಳು ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಕೂತಿದ್ದವು. ತರಲು ಹೊರಟವಳ ತೋಳನ್ನು ಗೆರೆಗಾರ ಹಿಡಿದುಕೊಂಡ. “ಅದು ಇರಲಿ. ಆ ಕೋಣೆಗೆ ಯಾರೂ ಹೋಗಬೇಡಿ.”

ಅಕ್ಕ ಪೊರಕೆ ಕೈಗೆತ್ತಿಕೊಂಡಳು. “ಇದನ್ನೂ ಬೇಡ ಅನ್ನಬೇಡ. ಕಸ ಬಿಟ್ಟು ಹೋದ್ರೆ ನಂಗೆ ನಿದ್ದೆ ಬರಲ್ಲ” ಎಂದು ಮುಂದಿನ ಕೋಣೆಗಳನ್ನು ಗುಡಿಸತೊಡಗಿದಳು. ದಾರದ ತುಂಡು, ಬಟ್ಟೆಯ ಚೂರು, ಅಂಗಿಯ ಒಂದೆರಡು ಗುಂಡಿ ಎಲ್ಲವನ್ನೂ ಗೋರಿ ಹೊರಗೆ ಹಾಕಿದಳು. ಹೊಸ್ತಿಲಲ್ಲಿ ನಿಂತ ಗೆರೆಗಾರನಿಗೆ ಸ್ವಚ್ಛವಾದ ಖಾಲಿ ನೆಲ ಕಾಣಿಸಿತು, ಅದರಾಚೆ ತುಂಬಿದ ಕೊನೆಯ ಕೋಣೆ ಕಾಣಿಸಿತು. ಮೇಡಂ ಕೂಡ ಅವನ ಹೆಗಲ ಮೇಲಿಂದ ಅದನ್ನೇ ನೋಡುತ್ತಿದ್ದರು.

“ಬಾ ಅಕ್ಕಾ, ಸಾಕು.”

ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ ಹೊರಗೆ ಬಂದಳು. ಬಾಗಿಲು ಎಳೆದಳು. ಸೊಂಟದಿಂದ ಬೀಗ ತೆಗೆದು ಚಿಲಕ ಹಾಕಲು ಹೋದಳು. ಚಿಲಕ ಕೊಂಡಿಗೆ ಸಿಗಲಿಲ್ಲ. ಬಾಗಿಲನ್ನು ಎತ್ತಿ ಹಿಡಿದು ನೋಡಿದಳು, ಹೆಗಲು ಕೊಟ್ಟು ನೋಡಿದಳು. ಕೊಂಡಿ ಎರಡು ಬೆರಳು ಕೆಳಗೆ ನಿಂತಿತ್ತು. ಬೆಳಗ್ಗೆ ಎಂಟಕ್ಕೆ ಹೊರಮೆಟ್ಟಿಲು ಇಳಿದು ಬಂದು, ಇದೇ ಬೀಗವನ್ನು ಇದೇ ಕೈಯಿಂದ ತೆಗೆದು ಅವಳು ಒಳಗೆ ಹೋಗಿದ್ದಳು.

ಅವಳು ತಮ್ಮನ ಮುಖ ನೋಡಿದಳು. ಆಮೇಲೆ ತೆರೆದ ಬೀಗವನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲನ್ನು ಹಾಗೇ ಬಿಟ್ಟು, ಹಿಂದಿರುಗಿ ನೋಡದೆ ರಸ್ತೆಯ ಕಡೆ ನಡೆದಳು.